ಮಂಗಳವಾರದ ಹರಾಜು

ಜಾವಗಲ್ ಬಸ್ ನಿಲ್ದಾಣದಲ್ಲಿ, ತಮ್ಮ ಬಸ್ಸಿಗೆ ಕಾಯುತ್ತಿದ್ದ ಶಿವಗಂಗಮ್ಮನವರ ಪಕ್ಕ ಕ್ಷೌರದ ತಿರುಮಲಯ್ಯ ಸೋತು ಕೂತಿದ್ದರು. ಅಳಿಯ ಇಂದ್ರೇಶ ಮೊಬೈಲ್ ತೋರಿಸಿದ.

“ಹೋಯ್ತು ಮಾವ, ನಿಮ್ಮಪ್ಪನ ಸಾಣೆಕಲ್ಲು.”

“ನಮ್ಮಣ್ಣ ಗುಜರಿಗೆ ಹಾಕ್ದಾಗ್ಲೇ ಹೋಗಿತ್ತು ಬಿಡ್ಲಾ.”

“ಆನ್‌ಲೈನ್ ಹರಾಜಲ್ಲಿ ಮತ್ತೆ ಸಿಕ್ಕಿತ್ತಲ್ಲ! ನಿನ್ನೆ ಮಂಗಳವಾರ, ಕೂಗಬೇಡ ಅಂತ ನೀವೇ ತಡೆದ್ರಿ.”

“ಮಂಗಳವಾರ ಕತ್ತಿ, ಕಲ್ಲು ಮುಟ್ಟಬಾರ್ದು ಅಂತಿದ್ದೋನು ನಮ್ಮಪ್ಪನೇ ಕಣ್ಲಾ.”

“ಫೋನಲ್ಲಿ ಕಲ್ಲೆಲ್ಲಿ ಮುಟ್ತೀವಿ?”

“ಅವನ ಕಲ್ಲಿಗೋಸ್ಕರ ಅವನ ಮಾತೇ ಮೀರ್ಲಾ?”

ಶಿವಗಂಗಮ್ಮ ಮನಸ್ಸಿನಲ್ಲೇ ಶಿವಾ ಎಂದರು.

“ಯಾರು ತಗಂಡ್ರು?” ತಿರುಮಲಯ್ಯ ಕೇಳಿದರು.

“ಜರ್ಮನಿಯೋನು. ಹಳೇ ಕಲ್ಲು ತಗಂಡು ಗಾಜಿನ ಬೀರೂಲಿ ಇಡ್ತಾನಂತೆ.”

“ಒಣಗೋಯ್ತದೆ ಕಣೋ. ಆಗಾಗ ನೀರು ತೋರ್ಸು ಅಂತ ಬರಿ.”

“ಅವನಿಗೆ ಕನ್ನಡ ಬರಲ್ಲ ಮಾವ.”

“ಅವನ ಭಾಷೇಲೇ ಬರಿಯೋ.”

ಅರಸೀಕೆರೆ ಬಸ್ಸು ಬಂತು. ಇಂದ್ರೇಶ ಬರೆಯುತ್ತಲೇ ಹತ್ತಿದ; ತಿರುಮಲಯ್ಯ ಅವನ ಹಿಂದೆ.