ನಾಲ್ಕು ಅಡಿ ಹಿಂದಕ್ಕೆ ತೆಗೆದ ಕಾರು

ಹೇಳಿಕೆ ಕೊಡುವವನು: ಸೋಮವಾರದ ದೂರನ್ನು ಕೊಟ್ಟ ಅದೇ ವ್ಯಕ್ತಿ. ವಯಸ್ಸು: ಐವತ್ತನಾಲ್ಕು. ಕೆಲಸ: ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮೂಲೆಮನೆ, ಕೆಳಗಿನ ಅಂತಸ್ತು.

ಈ ಮೂಲಕ ತಿಳಿಸುವುದೇನೆಂದರೆ, ಮೇಲ್ಕಂಡ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ವಾಸವಾಗಿದ್ದು, ಮಹಡಿಯ ಕೋಣೆಯಲ್ಲಿ ಹೆಂಡತಿಯ ತಮ್ಮ, ಅಂದರೆ ನನ್ನ ಭಾವಮೈದ, ಇರುತ್ತಾನೆ. ಅವನು ಮೊದಲು ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದ. ಬೇಕರಿ ಮುಚ್ಚಿದ ಮೇಲೆ ಕೆಲಸವಿಲ್ಲದೆ ಇದ್ದ. ನಾನು ಐದು ತಿಂಗಳ ಹಿಂದೆ ಬಿಳಿ ಬಣ್ಣದ ಹೊಸ ಪೆಟ್ರೋಲ್ ಕಾರು ಕೊಂಡೆ. ಮನೆಗೆ ತಂದ ದಿನವೇ ಭಾವಮೈದನು ಒಂದು ಸುತ್ತು ಓಡಿಸಿ ನೋಡಲೇ ಎಂದು ಕೇಳಿದ್ದು, ಹೊಸ ಗಾಡಿಗೆ ಕೈ ಬದಲಾಗಬಾರದೆಂದು ನಾನು ಕಡ್ಡಿ ಮುರಿದಂತೆ ಹೇಳಿದೆ. ಅವನು ನಕ್ಕು ಮಹಡಿಗೆ ಹೋದ. ಆ ನಗು ನನಗೆ ಅಂದೇ ಸರಿ ಕಾಣಲಿಲ್ಲ.

ಕಳೆದ ತಿಂಗಳ ಮೊದಲ ಭಾನುವಾರ ಬೆಳಗ್ಗೆ ನಾನು ಬೀದಿಯಲ್ಲಿ ಕಾರು ತೊಳೆದು, ಸ್ಟಾರ್ಟ್ ಮಾಡಿ, ಶೆಡ್ಡಿನೊಳಗೆ ತಂದು ನಿಲ್ಲಿಸಿದೆ. ಹತ್ತೂವರೆಗೆ ಹೆಂಡತಿಯ ಜೊತೆ ಹೊರಡಲು ಕೀಲಿ ತಿರುಗಿಸಿದಾಗ ಇಂಜಿನ್ ಗರಗರ ಸುತ್ತಿತೇ ಹೊರತು ಹತ್ತಿಕೊಳ್ಳಲಿಲ್ಲ. ಬ್ಯಾಟರಿ ಸರಿಯಿತ್ತು, ದೀಪ ಉರಿಯುತ್ತಿತ್ತು, ಅರ್ಧ ಟ್ಯಾಂಕಿಗಿಂತ ಹೆಚ್ಚು ಪೆಟ್ರೋಲ್ ಇತ್ತು. ಮಾರನೆಯ ದಿನ ಸರ್ವೀಸ್ ಸೆಂಟರಿನ ಮೆಕ್ಯಾನಿಕ್ ಬಂದು ಕೀಲಿ ತಿರುಗಿಸಿದ ಕೂಡಲೇ ಕಾರು ಸ್ಟಾರ್ಟ್ ಆಯಿತು. ಅವನು ಕಂಪ್ಯೂಟರ್ ಹಚ್ಚಿ ನೋಡಿ, ದೋಷವೇನೂ ಇಲ್ಲವೆಂದು ಹೇಳಿ ಹೋದ. ಹೊಸ ಕಾರು ಒಂದು ದಿನ ಮುನಿಸಿಕೊಂಡು ಮರುದಿನ ತಾನಾಗಿಯೇ ಸರಿಹೋಗುವುದೆಂದರೆ ಇದರಲ್ಲಿ ಯಾರದೋ ಕೈವಾಡ ಇದೆ ಎಂದುಕೊಂಡೆ. ಇಪ್ಪತ್ತಾರು ವರ್ಷ ಬಣ್ಣದ ಡಬ್ಬಗಳನ್ನು ಕಾದವನಿಗೆ ಅಷ್ಟು ಗೊತ್ತಾಗುವುದಿಲ್ಲವೇ.

ಅಂದು ಸಂಜೆ ನಾನು ಶೆಡ್ಡಿನಲ್ಲಿದ್ದಾಗ ಭಾವಮೈದನು ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದ.

"ಭಾವ, ಇಂಜಿನ್ ಬಿಸಿಯಾಗೋಕೆ ಮುಂಚೆ ಆಫ್ ಮಾಡ್ಬೇಡಿ. ಗಾಡಿ ಕೈ ಕೊಡುತ್ತೆ."

ನನ್ನ ಕಿವಿ ನೆಟ್ಟಗಾಯಿತು. ನಾನು ಕೇಳದೆ ಇವನು ಯಾಕೆ ಹೇಳಿದ? ಕಂಪ್ಯೂಟರಿಗೇ ತಿಳಿಯದ್ದು ಇವನಿಗೆ ಹೇಗೆ ತಿಳಿಯಿತು? ಸದರಿ ಮಾತನ್ನು ಸೋಮವಾರದ ದೂರಿನಲ್ಲಿ ಬೆದರಿಕೆಯೆಂದು ಬರೆಸಿದ್ದೇನೆ.

ಮರುದಿನದಿಂದ ಕಾವಲು ಶುರುಮಾಡಿದೆ. ಕಾರ್ಖಾನೆಯಲ್ಲಿ ಡಬ್ಬದ ಮುಚ್ಚಳಕ್ಕೆ ಮಾಡುವಂತೆಯೇ ಬಾನೆಟ್ಟಿನ ಅಂಚಿಗೆ ಕಾಗದದ ಪಟ್ಟಿ ಅಂಟಿಸಿ, ಅರ್ಧ ಪಟ್ಟಿಯ ಮೇಲೆ ಅರ್ಧ ಬಾನೆಟ್ಟಿನ ಮೇಲೆ ಬರುವ ಹಾಗೆ ಸಹಿ ಹಾಕಿದೆ. ಪೆಟ್ರೋಲ್ ಮುಚ್ಚಳಕ್ಕೂ ಹಾಗೆಯೇ ಸೀಲು ಮಾಡಿದೆ. ಎರಡನೆಯ ಕೀಲಿಯನ್ನು ನನ್ನ ಹಳೆಯ ಬೂಟಿನೊಳಗೆ ಇಟ್ಟೆ. ಸಂಜೆ ಬಂದವನೇ ಕಾರಿನ ಮೂತಿಯನ್ನು ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸುತ್ತಿದ್ದೆ, ಮಧ್ಯೆ ಮನುಷ್ಯನ ಮೈ ತೂರಬಾರದೆಂದು. ಬೆಳಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿ, ನಾಲ್ಕು ಅಡಿ ಹಿಂದಕ್ಕೆ ತೆಗೆದು, ಆಫ್ ಮಾಡಿ, ಟಾರ್ಚು ಬಿಟ್ಟು ಸಹಿ ನೋಡಿ, ಸ್ನಾನಕ್ಕೆ ಹೋಗುತ್ತಿದ್ದೆ. ಎಂಟೂವರೆಗೆ ಕೆಲಸಕ್ಕೆ ಹೊರಟರೆ ಕೆಲವು ದಿನ ಕಾರು ಹತ್ತಿಕೊಳ್ಳುತ್ತಿರಲಿಲ್ಲ.

ಮೊದಲು ಅಪರೂಪಕ್ಕೆ ಹೀಗಾಗುತ್ತಿದ್ದದ್ದು ಬರಬರುತ್ತ ವಾರದಲ್ಲಿ ನಾಲ್ಕು ದಿನವಾಯಿತು. ನಾನು ಕಾವಲು ಬಿಗಿ ಮಾಡಿದಷ್ಟೂ ಕಾರು ಹೆಚ್ಚು ಸತಾಯಿಸಿತು. ಸೀಲು ಮಾತ್ರ ಒಂದು ದಿನವೂ ಹರಿದಿರಲಿಲ್ಲ. ಹರಿಯದಂತೆ ಬಿಚ್ಚಿ ಅಂಟಿಸುವಷ್ಟು ಕೈಚಳಕ ಇವನಿಗೆ ಇದೆಯಲ್ಲ ಎಂದು ನನಗೆ ಇನ್ನಷ್ಟು ಮೈ ಉರಿಯಿತು. ಇದರ ಜೊತೆಗೆ ಶೆಡ್ಡಿನಲ್ಲಿ ಆಗಾಗ ಪೆಟ್ರೋಲ್ ವಾಸನೆ ಬರತೊಡಗಿತು. ಕಾರಿನ ಹಿಂದಿರುವ ಗೇಟಿನ ಕೆಳಗಿನ ಸರಳುಗಳಿಗೆ ಮಸಿ ಹಿಡಿದಿತ್ತು. ಕಳೆದ ಶನಿವಾರ ಭಾವಮೈದನ ಎರಡೂ ಅಂಗೈ ಕರ್ರಗಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಏನು ಮಾಡುತ್ತಿದ್ದೆ ಎಂದು ಕೇಳಿದ್ದಕ್ಕೆ ಏನಿಲ್ಲ ಎಂದ. ಇನ್ನೇನು ಸಾಕ್ಷಿ ಬೇಕು ಎಂದುಕೊಂಡು ಸೋಮವಾರ ಈ ಠಾಣೆಗೆ ಬಂದು ಅವನ ಮೇಲೆ ದೂರು ಕೊಟ್ಟೆ.

ಮಂಗಳವಾರ ಅವನನ್ನು ಕರೆಸಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರೆಂದು ತಿಳಿಯಿತು. ಅಂದು ಸಂಜೆ ನನ್ನ ಹೆಂಡತಿ ಹೇಳಿದ್ದೇನೆಂದರೆ, ತಮ್ಮನಿಗೆ ಶಾಲೆಯೊಂದರಲ್ಲಿ ಮಕ್ಕಳ ವ್ಯಾನು ಓಡಿಸುವ ಕೆಲಸ ಸಿಕ್ಕಿದೆ. ಅವನ ಮೇಲೆ ಯಾವ ದೂರೂ ಇಲ್ಲವೆಂದು ಪೊಲೀಸರಿಂದ ಪ್ರಮಾಣಪತ್ರ ತರಲು ಶಾಲೆಯವರು ಶುಕ್ರವಾರದವರೆಗೆ ಸಮಯ ಕೊಟ್ಟಿದ್ದಾರೆ. ನನ್ನ ದೂರು ಹಾಗೇ ಇದ್ದರೆ ಆ ಕೆಲಸ ಹೋದಂತೆಯೇ. ಗೇಟಿನ ಮಸಿಯನ್ನು ಶನಿವಾರ ಒರೆಸಿದವನು ಅವನೇ, ನಾನು ನೋಡಿ ರೇಗಾಡುತ್ತೇನೆಂದು ಬಾಯಿ ಬಿಟ್ಟಿಲ್ಲ ಎಂದೂ ಹೇಳಿದಳು. ಅಕ್ಕ ತಮ್ಮ ಸೇರಿ ಚೆನ್ನಾಗಿಯೇ ಕಥೆ ಕಟ್ಟಿದ್ದೀರಿ ಎಂದು ನಾನು ಹೇಳಿದೆ. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, "ನಿಮಗೆ ನಿಮ್ಮ ನೆರಳು ಕಂಡ್ರೂ ಅನುಮಾನ ರೀ" ಎಂದವಳು ಆಮೇಲೆ ಮಾತು ಬಿಟ್ಟಳು. ಬುಧವಾರ ಠಾಣೆಯಿಂದ ಫೋನು ಬಂದು, ಗುರುವಾರ ಹತ್ತು ಗಂಟೆಗೆ ವಾಹನ ಸಮೇತ ಬರಬೇಕು, ಭಾವಮೈದನೂ ಬರಬೇಕು ಎಂದು ತಿಳಿಸಿದರು.

ಸೀಲಿಗೆ ಹೊರಗಿನ ಸಾಕ್ಷಿಯೊಬ್ಬರು ಇರಲಿ ಎಂದು ಇಂದು, ಗುರುವಾರ, ಒಂಬತ್ತು ಗಂಟೆಗೆ ಅದೇ ಮೆಕ್ಯಾನಿಕ್‌ನನ್ನು ಕರೆಸಿದೆ. ಆರೂವರೆಗೆ ಕಾರು ಮುಟ್ಟದೆ, ಅವನ ಎದುರಿಗೇ ಸ್ಟಾರ್ಟ್ ಮಾಡಿ, ನಾಲ್ಕು ಅಡಿ ಹಿಂದಕ್ಕೆ ತೆಗೆದು, ಆಫ್ ಮಾಡಿ ಸಹಿ ತೋರಿಸಿದೆ. ಅವನು ಸಹಿ ನೋಡಲಿಲ್ಲ, ನನ್ನನ್ನೇ ನೋಡಿದ. ದಿನಾ ಹೀಗೆಯೇ ಮಾಡುತ್ತೀರಾ ಎಂದು ಕೇಳಿದ. ಹೌದು, ತಪ್ಪಿಸಿಲ್ಲ ಎಂದೆ. ಮತ್ತೆ ಸ್ಟಾರ್ಟ್ ಮಾಡಲು ಹೇಳಿದ. ಇಂಜಿನ್ ಸುತ್ತಿತು, ಹತ್ತಿಕೊಳ್ಳಲಿಲ್ಲ. ಸೀಲು ಹರಿದು ಬಾನೆಟ್ ಎತ್ತಿ, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದ. ಅದು ಪೆಟ್ರೋಲಿನಲ್ಲಿ ನೆಂದಿತ್ತು. ತಣ್ಣಗಿರುವ ಇಂಜಿನ್ ಹೆಚ್ಚಿಗೆ ಪೆಟ್ರೋಲ್ ಎಳೆದುಕೊಳ್ಳುತ್ತದೆ, ಅರ್ಧ ನಿಮಿಷಕ್ಕೇ ಆಫ್ ಮಾಡಿದರೆ ಅದು ಉರಿಯದೆ ಪ್ಲಗ್ಗಿನ ಮೇಲೆ ಉಳಿದು ಕಿಡಿ ಹಾರದಂತೆ ಮಾಡುತ್ತದೆ, ಆ ವಾಸನೆಯೂ ಗೇಟಿನ ಮಸಿಯೂ ಅದರಿಂದಲೇ, ರಾತ್ರಿ ಕಳೆದರೆ ತಾನಾಗಿ ಒಣಗುವುದರಿಂದ ಮೊದಲ ಸಲ ದೋಷ ತನಗೆ ಸಿಕ್ಕಿರಲಿಲ್ಲ ಎಂದು ವಿವರಿಸಿದ. ಆಮೇಲೆ ನಗು ತಡೆಯಲಾರದೆ ಹೇಳಿದ.

"ಸಾರ್, ಗಾಡಿ ಕೆಡಿಸ್ತಿರೋರು ನೀವೇ. ಬಿಸಿಯಾಗೋಕೆ ಮುಂಚೆ ಆಫ್ ಮಾಡ್ಬೇಡಿ, ಅಷ್ಟೇ."

ನಾನು ಬೆದರಿಕೆಯೆಂದು ಬರೆಸಿದ ಮಾತೇ ಅದು. ಭಾವಮೈದನು ಮೆಟ್ಟಿಲ ಮೇಲೆ, ಠಾಣೆಗೆ ಹೊರಡಲು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ನನಗೆ ತಲೆ ಎತ್ತಲಾಗಲಿಲ್ಲ. ಪ್ಲಗ್ ಒರೆಸಿ ಹಾಕಿದ ಮೆಕ್ಯಾನಿಕ್, ದೂರಿನ ವಿಷಯ ತಿಳಿಯದವನು, ಬಾನೆಟ್ ಸ್ವಲ್ಪ ಇಳಿಸಿ ಎಂದು ಅವನನ್ನು ಕರೆದ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನು ಮುಟ್ಟಲ್ಲ. ಮುಟ್ಟಿದ್ರೆ ಇನ್ನೊಂದು ದೂರು ಬರುತ್ತೆ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವನು ಮಾಮೂಲಿ ದನಿಯಲ್ಲೇ ಹೇಳಿದ. ನಾನೇ ಬಾನೆಟ್ ಇಳಿಸಿದೆ. ಮೆಕ್ಯಾನಿಕ್ ಹೇಳಿದಂತೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕೀಲಿ ತಿರುಗಿಸಿದಾಗ ಕಪ್ಪು ಹೊಗೆ ಬಿಟ್ಟು ಕಾರು ಸ್ಟಾರ್ಟ್ ಆಯಿತು. ಚೆನ್ನಾಗಿ ಬಿಸಿಯಾಗುವವರೆಗೆ ಏನೇ ಆದರೂ ಆರಿಸಬಾರದೆಂದು ಹೇಳಿ ಅವನು ಹೊರಟ. ಭಾವಮೈದನು ತಾನು ನಡೆದೇ ಬರುತ್ತೇನೆಂದ. ನಾನು ಇಳಿದು ಹಿಂದಿನ ಬಾಗಿಲು ತೆಗೆದು ಹಿಡಿದೆ. ಅವನು ಹತ್ತಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಮನೆಯಿಂದ ಠಾಣೆಗೆ ಎರಡೇ ಬೀದಿಯಾದ್ದರಿಂದ ಬಂದಾಗ ಇಂಜಿನ್ ಇನ್ನೂ ಬಿಸಿಯಾಗಿರಲಿಲ್ಲ. ಕಾರನ್ನು ಓಡುತ್ತಿರುವಂತೆಯೇ ಬಿಟ್ಟು ಇಳಿದೆ. ಕೀಲಿ ತೆಗೆದುಕೊಳ್ಳುವುದಿಲ್ಲವೇ ಎಂದು ಅವನು ಕೇಳಿದ. ಅದರಲ್ಲೇ ಇರಲಿ, ನೋಡಿಕೊಂಡಿರು ಎಂದು ಹೇಳಿ ಒಳಗೆ ಬಂದೆ.

ನನ್ನ ಸೋಮವಾರದ ದೂರು ಪೂರ್ತಿ ತಪ್ಪು. ಕಾರು ಕೆಟ್ಟದ್ದು ನನ್ನಿಂದ. ಆ ದೂರನ್ನು ಇಂದೇ ಮುಚ್ಚಿ, ಅವನ ಪ್ರಮಾಣಪತ್ರ ನಾಳೆಯೊಳಗೆ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ನನ್ನ ಮೇಲೆ ಯಾರ ಒತ್ತಡವೂ ಇಲ್ಲ. ಇದನ್ನು ಬರೆದುಕೊಳ್ಳುತ್ತಿರುವ ಪೇದೆಯವರು, ಹೊರಗೆ ಓಡುತ್ತಿರುವ ಕಾರಿನಲ್ಲಿ ಕೀಲಿ ಬಿಟ್ಟು ಬಂದಿದ್ದೀರಲ್ಲ, ಯಾರಾದರೂ ಹೊಡೆದುಕೊಂಡು ಹೋದರೆ ಎಂದು ಕೇಳಿದರು. ನನ್ನ ಭಾವಮೈದ ಇದ್ದಾನೆ ಎಂದೆ. ಇಲ್ಲಿನ ಕಿಟಕಿಯಿಂದ ಕಾಣುತ್ತದೆ: ಅವನು ಒಂದು ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು ಬಿಸಿ ನೋಡುತ್ತಿದ್ದಾನೆ. ಇದನ್ನೂ ಬರೆದುಕೊಳ್ಳಿ ಎಂದು ನಾನೇ ಹೇಳಿದ್ದೇನೆ. ಅವನು ಕಾರು ಮುಟ್ಟುವುದಕ್ಕೆ ನನ್ನ ಒಪ್ಪಿಗೆ ಇದೆ.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದ್ದೇ. ಓದಿಸಿ ಕೇಳಿದ್ದೇನೆ, ನಿಜವಾಗಿದೆ.

ಸ್ಥಳ: ಠಾಣೆ, ಕಿಟಕಿಯ ಪಕ್ಕದ ಮೇಜು
ದಿನ: ದೂರು ಕೊಟ್ಟ ವಾರದ ಗುರುವಾರ, ಬೆಳಗ್ಗೆ ಹತ್ತೂ ಮುಕ್ಕಾಲು
ಸಹಿ: (ಸೀಲಿನ ಮೇಲೆ ಹಾಕಿದ್ದ ಅದೇ ಸಹಿ)