ತಪ್ಪಬೇಕಿದ್ದ ಲೆಕ್ಕ

ಹಾರೂಗೇರಿ ಬಸ್ ಸ್ಟ್ಯಾಂಡಿನಲ್ಲಿ ಮುಗಳಖೋಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಮೊಬೈಲು ಕಸಿದು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಮುಂಜಾನಿಂದ ಯಾಕ ಮಕಾ ಸಣ್ಣ ಮಾಡೀದಿ, ಸ್ನೇಹಲ?”

“ಏನಿಲ್ಲ ಆಯಿ. ದೊಡ್ಡ ಮಶೀನ್‌ದಾಗ ಸಣ್ಣ ಸಣ್ಣ ಕಣಾ ಜೋರಲೆ ಡಿಕ್ಕಿ ಹೊಡಸ್ತಾರ. ಅದರಾಗ ಭಾರದ ಕಣಾ ಎಷ್ಟು ಹುಟ್ಟತಾವು ಅಂತ ನಾ ಮೊದಲ ಲೆಕ್ಕಾ ಹಾಕಿ ಹೇಳಿದ್ದೆ. ಇವತ್ತ ಅವರು ಎಣಿಸಿದ್ದು ಬಂತು.”

“ನಿಂದು ತಪ್ಪೇತೇನು?”

“ಇಲ್ಲ, ಬರೋಬ್ಬರಿ ಐತಿ.”

“ಮತ್ತ ಈ ಮಕಾ ಯಾಕ, ಹುಚ್ಚಿ?”

“ತಪ್ಪಿದ್ರ ಅಲ್ಲಿ ಯಾರಿಗೂ ಗೊತ್ತಿಲ್ಲದ್ದು ಏನೋ ಹೊಸಾದು ಐತಿ ಅಂತ ಆಗ್ತಿತ್ತು. ಪಿಎಚ್‌ಡಿ ಹಿಡದಾಗಿಂದ ಅದನ್ನ ಕಾಯಾಕತ್ತಿದ್ದೆ.”

ಅಜ್ಜಿ ಮೊಬೈಲು ವಾಪಸು ಕೊಟ್ಟಳು.

“ಓಣ್ಯಾಗ ಯಾರ ಬಸರಿದ್ರೂ ಹೊಟ್ಟಿ ನೋಡಿ ಗಂಡೋ ಹೆಣ್ಣೋ ನಾ ಹೇಳ್ತಿದ್ದೆ. ಒಮ್ಮಿ ಅಷ್ಟ ತಪ್ಪಿತು.”

“ಯಾವಾಗ?”

“ನಿಮ್ಮವ್ವನ ಹೊಟ್ಟಿ ನೋಡಿ ಗಂಡು ಅಂದಿದ್ದೆ. ಪೇಢೆನೂ ತರಿಸಿ ಇಟ್ಟಿದ್ದೆ.”

“ಹುಟ್ಟಿದಾಕಿ ನಾ! ಗಂಡಿಗೆ ಪೇಢೆ, ಹೆಣ್ಣಿಗೆ ಬರ್ಫಿ ಅಲ್ಲೇನು?”

“ಎಲ್ಲಾರೂ ಹಂಗ ಅಂದ್ರು. ನಿನ್ನ ಮಕಾ ನೋಡಿ ಓಣಿ ತುಂಬ ಪೇಢೆನ ಹಂಚಿ ಬಂದೆ. ತಪ್ಪಿದ್ದಕ್ಕ ಅಷ್ಟು ಖುಷಿ ಮತ್ತ ಎಂದೂ ಆಗಿಲ್ಲ ನನಗ.”

ಅವರ ಅಥಣಿ ಬಸ್ಸು ಬಂತು. ಸ್ನೇಹಲ ಚೀಲ ಎತ್ತಿಕೊಂಡಳು. ಮೆಟ್ಟಿಲು ಹತ್ತುವ ಮೊದಲು ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟಳು.

“ನಿಂದೂ ಒಂದ ದಿನಾ ತಪ್ಪತೈತಿ ತಗೋ, ನನ್ನ ಕೂಸ.”