ಒಂಬತ್ತನೇ ಟೇಕು

ಕೂತ್ಕೋ ಅಂದ್ನಲ್ಲ! ಆ ಕುರ್ಚಿ ಬೇಡ, ಕಾಲು ಮುರಿದಿದೆ. ಈ ಕಡೇದು ಎಳ್ಕೋ... ಹಾಂ. ಇಲ್ಲ ಇಲ್ಲ, ನೀನು ಆಮೇಲೆ ಮಾತಾಡು, ಮೊದಲು ನಾನು ಹೇಳಿ ಮುಗಿಸ್ತೀನಿ. ಆ ಟೇಪು ಈ ಅಭಿಮಾನಿಗಳ ಕೈಗೆ ಹೋಗಕೂಡದು. ಅಷ್ಟೇ.

ಯಾಕೆ ಅಂತ ಕೇಳ್ಬೇಡ... ಕೇಳಿಲ್ವಾ? ಮುಖದಲ್ಲೇ ಕೇಳಿದೆಯಲ್ಲೋ! ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ ಆ ಮುಖಾನ. ಸೌಂಡಿನವರೆಲ್ಲ ಹೀಗೇನಾ, ಇಲ್ಲ ನೀನೊಬ್ಬನೇ ಹೀಗಾ? ಊರಿನ ಶಬ್ದವೆಲ್ಲ ಹಿಡಿದು ಡಬ್ಬಿಗೆ ಹಾಕ್ಕೋತೀಯ, ನಿನ್ನ ಬಾಯಿಂದ ಮಾತ್ರ ಒಂದು ಶಬ್ದ ಹೊರಡಲ್ಲ.

ಕೇಳಿಸ್ತಾ? ಗೋಡೆ ಆಚೆ, ಆ ಚಪ್ಪಾಳೆ? ನಮ್ಮ ಸಿನಿಮಾದಲ್ಲಿ ಈಗ ಕಾಗೆ ಬಂತು. ಕಾಗೆಗೆ ಚಪ್ಪಾಳೆ ಕಣೋ! ಮುಚ್ಚಿದ ಅಂಗಡಿ ಮುಂದೆ ಮುದುಕ ನಿಂತಿರ್ತಾನೆ, ಶಟರ್ ಮೇಲೆ ಕಾಗೆ ಬಂದು ಕೂರುತ್ತೆ. ಯಾಕೆ ಬಂತು? ಲೈಟಿನವನು ಅಲ್ಲಿ ಬನ್ನು ತಿಂದು ಚೂರು ಚೆಲ್ಲಿದ್ದ, ಅದಕ್ಕೆ ಬಂತು! ಒಳಗೆ ಒಬ್ಬರು ಲೆಕ್ಚರರ್ ಕೂತಿದ್ದಾರೆ, ಆ ಕಾಗೆ ಬಗ್ಗೆ ತೊಂಬತ್ತು ಪುಟ ಬರೆದಿದ್ದಾರೆ. ತೊಂಬತ್ತು! ನನ್ನ ಸ್ಕ್ರಿಪ್ಟೇ ನಲವತ್ತು ಪುಟ ಇತ್ತಪ್ಪ.

ನಗು, ನಗು. ನಿಂಗೇನು. ವರ್ಷ ವರ್ಷ ಈ ಮುರಿದ ಕುರ್ಚಿಗಳ ಮಧ್ಯ ಕಾದು ಕೂತು, ಸಿನಿಮಾ ಮುಗಿದ ಮೇಲೆ ಹೋಗಿ ಆ ಸ್ಟೇಜ್ ಮೇಲೆ ನಿಲ್ಲೋನು ನಾನು. 'ಸಾರ್, ಹದಿಮೂರನೇ ಶಾಟಲ್ಲಿ ತಾತನ ಚಪ್ಪಲಿ ಬಾಗಿಲ ಎಡಕ್ಕಿದೆ, ಹದಿನಾಲ್ಕರಲ್ಲಿ ಬಲಕ್ಕಿದೆ. ಕಾಲ ಹಿಂದಕ್ಕೆ ಓಡ್ತಿದೆ ಅಂತ ಅರ್ಥಾನಾ?' ಇಲ್ಲಮ್ಮ, ಮಧ್ಯ ಊಟಕ್ಕೆ ಬಿಟ್ಟಿದ್ವಿ! ಹಾಗಂದ್ರೆ ನಂಬ್ತಾರಾ? 'ಸಾರ್ ಬಿಟ್ಟುಕೊಡಲ್ಲ' ಅಂತ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗ್ತಾರೆ. ಅರವತ್ತು ಸಲ ನೋಡಿದವರಿದ್ದಾರೆ. ನಾನು ನೋಡಿರೋದು ಆರು ಸಲ. ಆಮೇಲೆ ಮೂರು ಸಿನಿಮಾ ಮಾಡಿದ್ನಲ್ಲ... ಯಾರಾದ್ರೂ ಒಬ್ಬ, ಒಬ್ಬೇ ಒಬ್ಬ, ಅವುಗಳ ಸುದ್ದಿ ಎತ್ತಿದ್ದಾನಾ? ಇದು ರಿಲೀಸ್ ಆದಾಗ ಮೂರು ದಿನಕ್ಕೆ ಎತ್ತಂಗಡಿ. ಅವತ್ತು ಇವರೆಲ್ಲ ಎಲ್ಲಿ ಹಾಳಾಗಿ ಹೋಗಿದ್ರು?

ಇಲ್ಲ, ಬೈತಿಲ್ಲ. ಪಾಪ, ಒಳ್ಳೆ ಜನಾನೇ. ಅದೇ ಕಷ್ಟ. ಕೆಟ್ಟವರಾಗಿದ್ರೆ ಬಾಗಿಲು ಹಾಕ್ಕೋಬಹುದಿತ್ತು. ನಂಗೆ ಕಣ್ಣಿನ ಆಪರೇಷನ್ ಆದಾಗ ಸರದಿ ಹಾಕ್ಕೊಂಡು ಆಸ್ಪತ್ರೇಲಿ ಕೂತವರು ಇವರು. ನನ್ನ ಹೆಂಡತಿ ಕೇಳ್ತಾಳೆ, 'ಇವರು ನಿಮಗೆ ಏನಾಗಬೇಕು?' ಏನು ಹೇಳ್ಲಿ? ನಂಗೇ ಗೊತ್ತಿಲ್ಲ.

ಬಂದವರ ಬನಿಯನ್ ನೋಡಿದ್ಯಾ? ಎದೆ ಮೇಲೆ ಅದೇ ಸಾಲು. 'ಸಾಕಪ್ಪ, ನಾನು ಮನೆಗೆ ಹೋಗ್ತೀನಿ.' ಇಡೀ ಸಿನಿಮಾದಲ್ಲಿ ತಾತ ಬಾಯಿ ಬಿಡೋದು ಅದೊಂದೇ ಸಲ. ಆ ಸಾಲು ಬಂದಾಗ ಇಡೀ ಹಾಲು ಎದ್ದು ಜೊತೆಗೆ ಕೂಗುತ್ತೆ. ಬಾಸ್ ಮುಖಕ್ಕೆ ಹೀಗೆ ಅಂದು ಕೆಲಸ ಬಿಟ್ಟವನೊಬ್ಬ ನಂಗೆ ಕಾಗದ ಬರೆದಿದ್ದ. ಮೂರು ತಿಂಗಳು ನಿದ್ದೆಗೆಟ್ಟು ಬರೆದ ಸಾಲು ಅಂತ ನಾನು...

ಕೆಮ್ಮಬೇಡ. ಗೊತ್ತು ಕಣೋ, ನಿಂಗೆ ಗೊತ್ತು. ಆಯ್ತು, ನಾನು ಬರೆದಿಲ್ಲ! ಸ್ಕ್ರಿಪ್ಟಲ್ಲಿ ಅಲ್ಲಿ ಮಾತೇ ಇರಲಿಲ್ಲ. ಮಿಷನ್ ತಾತ ತಾನೇ ಅಂದಿದ್ದು. ಹೊಲಿಗೆ ಮಿಷನ್ ರಿಪೇರಿ ಮಾಡ್ಕೊಂಡಿದ್ದ ಮನುಷ್ಯ, ಆ್ಯಕ್ಟಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲ. ಒಂಬತ್ತು ಸಲ ಅದೇ ಶಟರ್ ಎತ್ತಿಸಿ ಇಳಿಸಿದ್ರೆ ಇನ್ನೇನಂತಾರೆ? ಕ್ಯಾಮೆರಾ ಓಡ್ತಿದೆ ಅನ್ನೋದನ್ನೂ ಮರೆತು, ಬೇಜಾರಾಗಿ, ಸುಸ್ತಾಗಿ ಅಂದುಬಿಟ್ರು. ನಾನು ಇಟ್ಕೊಂಡೆ. ಇಟ್ಕೊಳ್ಳೋದೂ ಒಂದು ಕಲೆ ಅಲ್ವಾ? ಅಲ್ವೇನೋ?

ಸರಿ, ಬಿಡು. ಈಗ ನೋಡು ಇವರ ಪ್ರೀತಿ ಎಲ್ಲಿಗೆ ತಂದು ನಿಲ್ಲಿಸಿದೆ. ತಾತ ಹೋಗಿ ಹನ್ನೆರಡು ವರ್ಷ. ಇವರು ಹುಡುಕಿ ಹುಡುಕಿ ಅವರ ಮಗಳನ್ನ ಕರ್ಕೊಂಡು ಬಂದಿದ್ದಾರೆ! ಮೊದಲನೇ ಸಾಲಲ್ಲಿ ಕೂರಿಸಿದ್ದಾರೆ. ಆಕೆ ಒಂದೇ ಮಾತು ಅಂದಳಂತೆ. 'ಅಪ್ಪನ ಕನ್ನಡಕ ಇದೆ, ಸ್ಕ್ರೂಡ್ರೈವರ್ ಡಬ್ಬಿ ಇದೆ, ಫೋಟೋ ಇದೆ. ದನಿ ಮಾತ್ರ ಸಿನಿಮಾದಲ್ಲಿ ಆ ಒಂದು ಸಾಲು.' ಅಷ್ಟು ಸಾಕಾಯ್ತು ಇವರಿಗೆ. ಟೇಕ್ ಶುರುವಾಗೋ ಮುಂಚೆ, ಮುಗಿದ ಮೇಲೆ ತಾತ ಏನೇನೋ ಮಾತಾಡಿರ್ತಾರಲ್ಲ, ಆ ಟೇಪು ಎಲ್ಲಿದೆ? ಸೌಂಡಿನವರ ಅಟ್ಟದಲ್ಲಿದೆ! ಸಿನಿಮಾ ಮುಗಿದ ತಕ್ಷಣ ಇಡೀ ಹಾಲಿಗೆ ಕೇಳಿಸ್ತಾರಂತೆ. ನಂಗೆ ಹೇಳಿದ್ದು ಯಾವಾಗ ಗೊತ್ತಾ? ಇವತ್ತು, ಗೇಟಲ್ಲಿ! 'ಸಾರ್, ನಿಮಗೂ ಒಂದು ಸರ್‌ಪ್ರೈಸ್' ಅಂತ!

ತಡಿ, ತಡಿಯೋ, ನಿನ್ನ ಮಾತು ಆಮೇಲೆ. ಆ ಟೇಪಿನ ಡಬ್ಬಿ ಅಲ್ಲೇ ಇಡು, ತೆಗೀಬೇಡ.

ಮಗಳಿಗೆ ದನಿ ಬೇಡ ಅಂತ ನಾನು ಹೇಳ್ತಿಲ್ಲ. ನಾನೇನು ರಾಕ್ಷಸನಾ? ಕೊಡೋಣ. ಆದ್ರೆ ಕೇಳಿಸೋಕೆ ಮುಂಚೆ ಒಂದಿಷ್ಟು ಕ್ಲೀನ್ ಮಾಡಿ ಕೊಡೋಣ. ಒಂದು ವಾರ ಟೈಮ್ ಕೇಳು. ಟೇಪ್ ಹಾಕೋ ಮಿಷನ್ ಕೆಟ್ಟಿದೆ ಅನ್ನು, ಜ್ವರ ಅನ್ನು. ತಾತನ ಮಾತು ಒಂದಕ್ಷರ ಬಿಡದೆ ಇರಲಿ. ಒಂಬತ್ತನೇ ಟೇಕಿನ ಮುಂಚೆ ನನ್ನ ದನಿ ಬರುತ್ತಲ್ಲ, ಅದಕ್ಕೆ ಕತ್ತರಿ ಹಾಕು, ಸಾಕು. ಅರ್ಧ ನಿಮಿಷ. ಕೆಮ್ಮು ತೆಗೀತೀಯ, ಹಾರ್ನ್ ತೆಗೀತೀಯ, ಹೀರೋಯಿನ್ ಹೊಟ್ಟೆ ಗುಡುಗುಟ್ಟಿದ್ದನ್ನ ತೆಗೆದವನು ನೀನು. ನಂದೊಂದು ಮಾತು ತೆಗೆಯೋಕೆ ಕೈ ಬರಲ್ವಾ?

ಯಾವ ಮಾತು ಅಂತ ಹುಬ್ಬು ಏರಿಸ್ತೀಯಲ್ಲ... ಬೇಡ. ಇವತ್ತು ಈ ಆಟ ಬೇಡ. ನಿಂಗೆ ಚೆನ್ನಾಗಿ ಗೊತ್ತು.

ಹೀಗೆ ಸುಮ್ಮನೆ ನೋಡ್ತಾ ಕೂತ್ರೆ ಹೇಗೋ? ಇಪ್ಪತ್ತೆರಡು ವರ್ಷ ಹೀಗೇ ನೋಡಿದ್ದೀಯ. ಒಟ್ಟಿಗೆ ಉಂಡಿದ್ದೀವಿ, ನನ್ನ ಮಗನ ಮದುವೇಲಿ ನಿಂತು ಬಡಿಸಿದ್ದೀಯ, ಒಂದು ದಿನ ಆ ಮಾತೆತ್ತಲಿಲ್ಲ. ದೊಡ್ಡ ಮನಸ್ಸು ಅಂತ ನಾನು ಅಂದ್ಕೊಂಡೆ. ಕೆಲವು ಸಲ ಸಿಟ್ಟೂ ಬರ್ತಿತ್ತು. ಒಂದ್ಸಲ ಬೈದುಬಿಟ್ರೆ ಮುಗೀತಿತ್ತಲ್ಲ ಅಂತ!

ನನ್ನ ಬಾಯಲ್ಲೇ ಬರಬೇಕಾ? ಸರಿ ಹಾಗಾದ್ರೆ. ಅವತ್ತು ಶೂಟಿಂಗ್ ಮಧ್ಯ ಎದುರುಗಡೆ ಔಷಧಿ ಅಂಗಡಿಯವರು ಗಲ್ಲಾ ಬಿಟ್ಟು ಓಡಿ ಬಂದ್ರಲ್ಲ. ನಮ್ಮೆಲ್ಲರ ಫೋನೂ ಅವರ ಅಂಗಡಿಗೇ ಬರ್ತಿತ್ತು. 'ತಾತನ ಹೆಂಡತಿ ಮನೇಲಿ ಬಿದ್ದುಬಿಟ್ರಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ, ಈಗಲೇ ಕಳಿಸಬೇಕಂತೆ' ಅಂದ್ರು. ನಾನು ರಸ್ತೆ ಆಚೆ ತಾತನ ಕಡೆ ನೋಡಿದೆ. ಎಂಟು ಟೇಕು ಆಗಿತ್ತು. ಬೆಳಗ್ಗೆಯಿಂದಲೇ ಹೆಂಡತಿಗೆ ಹುಷಾರಿಲ್ಲ ಅನ್ನೋ ಚಿಂತೆ ಅವರಿಗೆ. ಆ ಚಿಂತೆ ಪೂರ್ತಿ ಮುಖಕ್ಕೆ ಬಂದು ಕೂತಿತ್ತು. ನಾಳೆ ಕರ್ಕೊಂಡು ಬಂದ್ರೆ ಆ ಮುಖ ಸಿಗುತ್ತಾ? ಬಿಸಿಲು ಬೇರೆ ಇಳೀತಿತ್ತು. ಒಂದೇ ಒಂದು ಟೇಕು ಅಂದ್ಕೊಂಡೆ... 'ಹೊರಟಿದ್ದಾರೆ ಅಂತ ಹೇಳಿಬಿಡಿ' ಅಂದೆ. ಅದೇ ಮಾತು. ನೀನು ಮೈಕು ಕಟ್ಟಿದ್ದ ಕಂಬದ ಪಕ್ಕದಲ್ಲೇ ನಿಂತು ಅಂದೆ. ಆಗ ಮೂರು ಗಂಟೆ. ತಾತನ ಹತ್ರ ಹೋಗಿ 'ಈಗಷ್ಟೇ ಫೋನ್ ಬಂತು' ಅಂದಾಗ ಮೂರೂ ಮುಕ್ಕಾಲು.

ಸಾಕಾ? ಈಗ ಸಮಾಧಾನ ಆಯ್ತಾ ನಿಂಗೆ?

ಯಾಕೋ ಎದ್ದೆ? ಏನಾಯ್ತೋ? ಕೂತ್ಕೋ. ಮುಖ ಯಾಕೆ ಹಾಗಾಗಿದೆ... ನಿಂಗೆ ಗೊತ್ತಿತ್ತಲ್ಲ. ಹೆಡ್‌ಫೋನ್ ಹಾಕ್ಕೊಂಡಿದ್ದೆಯಲ್ಲ! ನಾನು ತಿರುಗಿ ನೋಡಿದಾಗ ನೀನು... ನೀನು ಅಲ್ಲಿರಲಿಲ್ಲ. ಪಕ್ಕದ ಕಟ್ಟಡದಲ್ಲಿ ಡ್ರಿಲ್ಲು ಶುರುವಾಗಿತ್ತು. ರೆಕಾರ್ಡರ್ ಆನ್ ಮಾಡಿಟ್ಟು ನೀನು ಆ ಡ್ರಿಲ್ಲು ನಿಲ್ಲಿಸೋಕೆ ಓಡಿದ್ದೆ... ಅಯ್ಯೋ. ವಾಪಸ್ ಬಂದು ಹಾಕ್ಕೊಂಡೆ, ಅಲ್ವಾ? ಆಮೇಲೆ ಹಾಕ್ಕೊಂಡೆ.

ಆಮೇಲಾದ್ರೂ ಟೇಪಲ್ಲಿ ಟೇಕಿನ ಮುಂಚಿನ ಭಾಗ ಕೇಳಿರ್ತೀಯಲ್ಲ? ಇಲ್ವಾ? ಒಂದ್ಸಲಾನೂ? ಡಬ್ಬಿ ಯಾಕೆ ಈ ಕಡೆ ತಳ್ತೀಯ... ಏನಿದು? ಬೂಷ್ಟು. ಎಲ್ಲಾ ಬೂಷ್ಟು ಹಿಡಿದಿದೆಯಲ್ಲೋ. ಕೈಗೆ ಅಂಟ್ಕೊಂಡೇ ಬರ್ತಿದೆ. ಅಂದ್ರೆ ಇದು... ಕೇಳೋಕೇ ಆಗಲ್ವಾ? ಬಂದಾಗಿಂದ ಬಾಯಿ ತೆಗೀತಿದ್ದಿದ್ದು ಇದನ್ನ ಹೇಳೋಕಾ? ನಾನೇ ಬಿಡಲಿಲ್ಲ. ನಾನೇ ಬಿಡಲಿಲ್ಲ ನಿನ್ನ...

ನೋಡು, ನನ್ನ ಕಡೆ ನೋಡು. ಗೊತ್ತು, ನೀನು ಏನು ಯೋಚನೆ ಮಾಡ್ತಿದ್ದೀಯ ಅಂತ ಗೊತ್ತು. ನಿನ್ನ ಸ್ಕೂಟರ್ ಹಿಂದೆ ಕೂತು ತಾನೇ ತಾತ ಹೋಗಿದ್ದು. ಹತ್ತು ನಿಮಿಷ ಮುಂಚೆ ಬಂದಿದ್ರೆ ಹೆಂಡತೀನ ಜೀವ ಇದ್ದಾಗಲೇ ನೋಡಬಹುದಿತ್ತು ಅಂತ ಆಸ್ಪತ್ರೆ ನರ್ಸ್ ಅಂದ್ರಂತೆ. ನೀನು ದಾರೀಲಿ ಪೆಟ್ರೋಲ್‌ಗೆ ನಿಂತಿದ್ದೆ. ಎಷ್ಟು ವರ್ಷ ಅದನ್ನೇ ಹೇಳ್ಕೊಂಡು ಅತ್ತಿದ್ದೀಯ ನನ್ನ ಮುಂದೆ! ಹೋಗ್ಲಿ ಬಿಡೋ, ನಿನ್ನ ತಪ್ಪಲ್ಲ ಅಂತ ಬೆನ್ನು ತಟ್ಟಿದ್ದೀನಿ. ಬೆನ್ನು ತಟ್ಟಿದೆ, ಅಷ್ಟೇ ಮಾಡಿದೆ. ಗೊತ್ತಿದ್ದೂ ನಂಗೋಸ್ಕರ ಸುಮ್ಮನಿದ್ದೀಯ, ಅದಕ್ಕೇ ಪೆಟ್ರೋಲಿನ ಕಥೆ ಹೇಳ್ತೀಯ ಅಂದ್ಕೊಂಡೆ ಕಣೋ... ಇಲ್ಲ. ಸುಳ್ಳು. ಹಾಗೆ ಅಂದ್ಕೊಂಡ್ರೆ ನಂಗೆ ಹಗುರ ಆಗ್ತಿತ್ತು. ಅದಕ್ಕೆ ಅಂದ್ಕೊಂಡೆ.

ಬೈಯೋ. ಒಂದೇಟು ಹೊಡಿ ಬೇಕಾದ್ರೆ.

ಚಪ್ಪಾಳೆ ಜೋರಾಯ್ತು, ಮುಗೀತು ಅನ್ಸುತ್ತೆ. ಈಗ ಬರ್ತಾರೆ ಕರೆಯೋಕೆ. ಟೇಪು ಹಾಳಾಗಿದೆ ಅಂದ್ರೆ ಎಲ್ಲ ಅಲ್ಲಿಗೇ ನಿಂತುಹೋಗುತ್ತೆ, ಅಲ್ವಾ? ಯಾರಿಗೂ ಏನೂ... ಹಾಗೆ ನೋಡ್ಬೇಡ ಅಂದ್ನಲ್ಲ. ನೀನು ಹೇಳ್ತೀಯಾ ಆಕೆಗೆ? ಇಲ್ಲ. ತಲೆ ಆಡಿಸ್ಬೇಡ, ಅರ್ಥ ಆಯ್ತು. ನೀನು ಹೇಳಲ್ಲ. ಆ ಕಷ್ಟಾನೂ ನಿನ್ನ ತಲೆಗೆ ಕಟ್ಟೋಕೆ ನೋಡ್ತಿದ್ದೀನಿ, ನೋಡು ನನ್ನ ಬುದ್ಧಿ.

ಹೋಗ್ತೀನಿ. ಸ್ಟೇಜ್ ಮೇಲಲ್ಲ, ಮೊದಲು ಆಕೆ ಹತ್ರ. ಆದ್ರೆ ಏನಂತ ಶುರು ಮಾಡ್ಲಿ? ಬೆಳಗ್ಗೆ ಗೇಟಲ್ಲಿ ನನ್ನ ಎರಡು ಕೈ ಹಿಡ್ಕೊಂಡು 'ಅಣ್ಣಾ' ಅಂದಳು ಕಣೋ. ಅಪ್ಪ ಕೊನೆವರೆಗೂ ನನ್ನ ನೆನೆಸ್ಕೊತಿದ್ರಂತೆ. ತಂಗೀ ಅಂತ ಕರೆದು ಈ ಮಾತು ಹೇಳೋಕಾಗುತ್ತಾ? ಅಮ್ಮಾ ಅನ್ಲಾ? ಏನಂತ ಕರೀಲಿ? ಹೇಳೋ... ಇದೊಂದಕ್ಕಾದ್ರೂ ಬಾಯಿ ಬಿಡೋ.